ಮಕ್ಕಳೂ ದನಿಯ ತಾರತಮ್ಯವೂ

ಗಟ್ಟಿಯಾದ ದನಿ ಯಾವುದು, ಮೆಲುದನಿ ಯಾವುದು ಎಂಬುದನ್ನು ಮಕ್ಕಳಿಗೆ ಕಲಿಸತಕ್ಕದ್ದೆಂದರೆ ನಗುವವರೇ ಹೆಚ್ಚು. ಕಿವಿಯುಳ್ಳವರಿಗೆಲ್ಲ ತಾನಾಗಿ ತಿಳಿಯುವ ಸಂಗತಿಗೆ ಗುರುವೇತಕ್ಕೆ ಎಂದು ಅವರು ಕೇಳುವರು. ಆದರೆ ಐದಾರು ವರ್ಷದ ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ, ಒಂದು ಮಾತನ್ನು ಹೇಳಿಸಿ, ಅದನ್ನೇ ಮೆಲ್ಲಗೆ ಹೇಳಿರೆಂದರೆ ಆ ನಗೆ ಅಡಗುವುದು. ಒಬ್ಬನು ಸದ್ದನ್ನು ತಗ್ಗಿಸುವನು. ಇನ್ನೊಬ್ಬನು ಅಷ್ಟೇ ಗಟ್ಟಿಯಾಗಿ, ಅಕ್ಷರಗಳನ್ನು ಎಳೆದೆಳೆದು ಹೇಳುವನು. ಮತ್ತೊಬ್ಬಳು ಸ್ವರವನ್ನೇ ಕೆಳಕ್ಕಿಳಿಸಿ ಮುದುಕರಂತೆ ಗೊಗ್ಗರು ದನಿಯನ್ನು ತೆಗೆಯುವಳು. ಮೂವರೂ ಆಜ್ಞೆಯನ್ನು ನಡೆಸಿದವರೇ. ದೋಷವಿರುವುದು ಮಕ್ಕಳಲ್ಲಲ್ಲ, ಮಾತಿನಲ್ಲಿ. 'ಮೆಲ್ಲಗೆ' ಎಂಬ ನಮ್ಮ ಶಬ್ದಕ್ಕೆ ನಿಧಾನವಾಗಿ ಎಂದೂ ಅರ್ಥ, ಸದ್ದು ಕಡಮೆಯಾಗಿ ಎಂದೂ ಅರ್ಥ. 'ಸಣ್ಣ ದನಿ' ಎಂಬುದು ಕ್ಷೀಣವಾದ ದನಿಗೂ ಸಲ್ಲುವುದು, ಕೀಚಲು ದನಿಗೂ ಸಲ್ಲುವುದು. ದನಿಯನ್ನು ಏರಿಸಬೇಡವೆಂದು ಗದರಿಸುವ ತಾಯಿಯ ಮನಸ್ಸಿನಲ್ಲಿರುವುದು ಗದ್ದಲ. ಏರಿಸೆನ್ನುವ ಸಂಗೀತದ ಗುರುವಿನ ಮನಸ್ಸಿನಲ್ಲಿರುವುದು ಸ್ವರಸ್ಥಾನ. ಮಗುವಿಗೆ ಈ ಭೇದವನ್ನು ಯಾರೂ ಹೇಳಿರುವುದಿಲ್ಲ.

ಈ ತೊಡಕು ಇಂದಿನದಲ್ಲ. ಪಾಣಿನಿಮುನಿಗಳು ಉದಾತ್ತಾನುದಾತ್ತಗಳ ಲಕ್ಷಣವನ್ನು ಹೇಳುವಾಗ ಉಚ್ಚ, ನೀಚ ಎಂಬರ್ಥದ ಶಬ್ದಗಳನ್ನೇ ಬಳಸಿದರು. ಮಹಾಭಾಷ್ಯಕಾರರಾದ ಪತಂಜಲಿಗಳು ಅಲ್ಲಿ ಒಂದು ಆಕ್ಷೇಪವನ್ನು ತಾವಾಗಿಯೇ ಎತ್ತಿ ವಿಚಾರಮಾಡಿರುವರು. ಉಚ್ಚ ನೀಚಗಳಿಗೆ ನಿಂತ ನೆಲೆಯೆಂಬುದಿಲ್ಲ. ಪಾಠವನ್ನು ಹೇಳುತ್ತಿರುವ ಒಬ್ಬನೇ ವಿದ್ಯಾರ್ಥಿಯನ್ನು ಕಂಡು ಒಬ್ಬನು ಅದೇಕೆ ಹೀಗೆ ಅರಚುವೆಯೆಂದು ಆಕ್ಷೇಪಿಸಿದರೆ, ಮತ್ತೊಬ್ಬನು ಹಲ್ಲಿನೊಳಗೇಕೆ ಗೊಣಗುವೆಯೆನ್ನುವನು. ಉಸಿರಿನ ಬಲ ಕಡಮೆಯಾದವನಿಗೆ ಯಾವುದು ಅತ್ಯುಚ್ಚವೋ ಬಲಶಾಲಿಗೆ ಅದೇ ಅತಿ ನೀಚ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಆ ಪಾಠಶಾಲೆಯ ಚಿತ್ರವನ್ನು ಓದಿದವರಿಗೆ ಮುಗುಳ್ನಗೆ ಬಾರದಿರದು. ಒಂದೇ ನೆಲೆಯನ್ನು ಹಿಡಿದು ಅಲ್ಲಿಂದ ಅಳೆಯಬೇಕೆಂಬುದು ಭಾಷ್ಯದ ಸಮಾಧಾನ. ಅಲ್ಲಿ ಪ್ರಕೃತವಾದುದು ಸ್ವರವೇ ಹೊರತು ಸದ್ದಿನ ಪ್ರಮಾಣವಲ್ಲ. ಆದರೂ ಶಿಶುಬೋಧಕನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ.

ಏಕೆಂದರೆ ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ. ಆನೆಯ ಚಿತ್ರವನ್ನು ತೋರಿಸಿ ಗಟ್ಟಿಯೆಂದೂ ಸೊಳ್ಳೆಯ ಚಿತ್ರವನ್ನು ತೋರಿಸಿ ಮೆಲ್ಲಗೆಯೆಂದೂ ಹೇಳಿಸುವರು. ಇದರಿಂದ ಮಗುವಿಗೆ ಪ್ರಾಣಿಗಳ ಪರಿಚಯವಾಗಬಹುದು, ದನಿಯ ಪರಿಚಯವಾಗದು; ಗಾತ್ರ, ಸ್ವರ, ಸದ್ದು ಮೂರೂ ಅಲ್ಲಿ ಒಟ್ಟಿಗೆ ಬದಲಾಗಿರುವುವು. ತಂಬೂರಿಯ ಒಂದೇ ತಂತಿಯನ್ನು ಮೊದಲು ಹಗುರವಾಗಿಯೂ ಅನಂತರ ಬಲವಾಗಿಯೂ ಮೀಟಿ ತೋರಿಸುವುದು ಮೇಲು. ಬಲವಾಗಿ ಮೀಟಿದಾಗ ತಂತಿ ಅಗಲವಾಗಿ ಅದುರುವುದು ಕಣ್ಣಿಗೇ ಕಾಣುವುದು. ಶ್ರುತಿ ಮಾತ್ರ ಕದಲದು. ತಂಬೂರಿಯಿಲ್ಲದ ಮನೆಯಲ್ಲಿ ತಮಟೆಯ ಮೇಲೆ ನಾಲ್ಕು ರಾಗಿಕಾಳುಗಳನ್ನು ಉದುರಿಸಿ ಬಾರಿಸಿದರೂ ಆದೀತು. ಪೆಟ್ಟು ಬಲವಾದಷ್ಟೂ ಕಾಳು ಎತ್ತರಕ್ಕೆ ನೆಗೆಯುವುದು. ಮಕ್ಕಳು ಬಿಡದೆ ಮತ್ತೊಮ್ಮೆ ಎನ್ನುವರು.

ಗಟ್ಟಿ ಮೆಲ್ಲಗೆಗಳ ನಡುವಣ ಮೆಟ್ಟಿಲುಗಳನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಕಿವಿಯು ತಕ್ಕಡಿಯಂತೆ ತೂಗುವುದಿಲ್ಲ. ಪಿಸುಮಾತು ಸುಮಾರು 30 ಡೆಸಿಬೆಲ್, ಎದುರೆದುರು ಕುಳಿತು ಆಡುವ ಮಾತು ಸುಮಾರು 60. ಪ್ರತಿ ಹತ್ತು ಡೆಸಿಬೆಲ್ಲಿಗೂ ಶಬ್ದದ ಶಕ್ತಿ ಹತ್ತುಪಟ್ಟಾಗುವುದಾದರೂ ಕಿವಿಗೆ ಅದು ಎರಡುಪಟ್ಟಿನಷ್ಟೇ ಎನ್ನಿಸುವುದು. ಟೆಲಿವಿಷನ್ ಒಂದು ಕಡೆ, ಮಿಕ್ಸಿ ಒಂದು ಕಡೆ ಮೊರೆಯುತ್ತಿರುವ ಮನೆಯಲ್ಲಿ ಮಗುವು ಕೂಗನ್ನಲ್ಲದೆ ಬೇರೆ ದನಿಯನ್ನು ಎಲ್ಲಿಂದ ಕಲಿತೀತು?

ಇಷ್ಟು ಹೇಳಿದ ಮೇಲೂ ಈ ಪಾಠವನ್ನು ವಿನೋದವೆಂದು ತಿಳಿಯುವವರಿದ್ದರೆ ಅವರು ಇದನ್ನು ಗಮನಿಸಬೇಕು. ಊರೊಂದರ ಶಾಲೆಯಲ್ಲಿ ಏಳು ವರ್ಷದ ಬಾಲಕನೊಬ್ಬನಿದ್ದನು. ಕರೆದರೆ ಓಗೊಡನು, ಉಕ್ತಲೇಖನದಲ್ಲಿ 'ತಪ್ಪು' ಎಂದರೆ 'ಕಪ್ಪು' ಎಂದು ಬರೆಯುವನು. ಒಂದು ವರ್ಷ ಅವನಿಗೆ ಸೋಮಾರಿ, ಮೊಂಡ ಎಂಬ ಬಿರುದುಗಳು ಸಂದುವು. ಆಗಾಗ ಏಟೂ ಬಿದ್ದಿತು. ಕಡೆಗೆ ಹೊಸದಾಗಿ ಬಂದ ಉಪಾಧ್ಯಾಯಿನಿಯೊಬ್ಬರು ಗಟ್ಟಿ ಮೆಲ್ಲಗೆಯ ಆಟವನ್ನಾಡಿಸುವಾಗ, ಇತರರು ಪಿಸುಮಾತಿಗೆ ಕೈಯೆತ್ತಿದರೂ ಈ ಹುಡುಗನು ಮಾತ್ರ ಸುಮ್ಮನೆ ಕುಳಿತಿದ್ದುದನ್ನು ಕಂಡರು. ನೆಗಡಿಯ ತರುವಾಯ ಕಿವಿಯ ತಮಟೆಯ ಹಿಂದೆ ದ್ರವವು ನಿಂತಿದ್ದಿತೆಂದು ವೈದ್ಯರು ಹೇಳಿದರು. ಎಳೆಯರಲ್ಲಿ ಇದು ಅಪರೂಪವಲ್ಲ. ಬಹುಮಟ್ಟಿಗೆ ಮೂರು ತಿಂಗಳೊಳಗೆ ತಾನಾಗಿ ಇಳಿಯುವುದು, ಇಳಿಯದಿದ್ದರೆ ಚಿಕಿತ್ಸೆಯುಂಟು. ಆದರೆ ಅಷ್ಟು ಕಾಲ ಗಟ್ಟಿಯಾದ ಸ್ವರಾಕ್ಷರಗಳು ಕೇಳಿಸಿ, ಮೃದುವಾದ ತಕಾರ ಸಕಾರಾದಿ ವ್ಯಂಜನಗಳು ಜಾರಿಹೋಗುವುವು. ಆದುದರಿಂದಲೇ ಮಗುವಿಗೆ ಕೇಳುವುದಿಲ್ಲವೆಂದು ಯಾರಿಗೂ ತೋರುವುದಿಲ್ಲ. ಅರೆಬರೆ ಕೇಳಿದ್ದನ್ನು ಅದು ಊಹೆಯಿಂದ ತುಂಬಿಕೊಳ್ಳುತ್ತಿರುವುದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಕ್ಕಳ ಶ್ರವಣವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವರು. ಅಲ್ಲಿಗೆ ಹೋಗಬೇಕೆಂಬ ಸಂಶಯವು ಮೊದಲು ಮನೆಯವರಲ್ಲೋ ಉಪಾಧ್ಯಾಯರಲ್ಲೋ ಹುಟ್ಟಬೇಕಷ್ಟೆ.

ಅದಕ್ಕೆ ಯಂತ್ರವೇನೂ ಬೇಕಿಲ್ಲ. ತುಟಿಯ ಚಲನೆ ಕಾಣದಂತೆ ಮಗುವಿನ ಹಿಂದೆ ಒಂದು ತೋಳಿನಷ್ಟು ದೂರದಲ್ಲಿ ನಿಂತು, ಪಿಸುದನಿಯಲ್ಲಿ ಪರಿಚಿತವಾದ ಎರಡು ಮೂರು ಶಬ್ದಗಳನ್ನು ಹೇಳಿ, ಮರುನುಡಿಯೆನ್ನಬೇಕು. ಒಂದು ಕಿವಿಯನ್ನು ಮುಚ್ಚಿ ಇನ್ನೊಂದನ್ನು ಪ್ರತ್ಯೇಕವಾಗಿ ನೋಡಬೇಕು. ಒಮ್ಮೆ ತಪ್ಪಿದರೆ ಚಿಂತೆಯಿಲ್ಲ, ಮಕ್ಕಳ ಮನಸ್ಸು ಬೇರೆಲ್ಲೋ ಇದ್ದೀತು. ಮತ್ತೆ ಮತ್ತೆ ತಪ್ಪಿದರೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಮಳೆಗಾಲದಲ್ಲಿ ನೆಗಡಿ ಹೆಚ್ಚಿದಾಗ ಇದನ್ನು ಇನ್ನೊಮ್ಮೆ ಮಾಡಿನೋಡುವುದೊಳ್ಳೆಯದು.