ಕೂದಲೆಳೆಯಷ್ಟು ಬೆಳಕು

ಸೈಕಲ್ ರಿಪೇರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಡಿಸ್ಕ್ ಬ್ರೇಕ್ ಕೂರಿಸಿ ಹದಕ್ಕೆ ತರುವುದು. ಕಣ್ಣು, ಕಿವಿ, ಬೆರಳು ಮೂರನ್ನೂ ಒಟ್ಟಿಗೆ ಕೇಳುವ ಕೆಲಸ ಅದು.

ತತ್ವ ಸರಳ. ಹಬ್‌ಗೆ ಬಿಗಿದ ಉಕ್ಕಿನ ತಟ್ಟೆ, ಅಂದರೆ ರೋಟರ್, ಗಾಲಿಯ ಜೊತೆಗೇ ತಿರುಗುತ್ತದೆ. ಲಿವರ್ ಹಿಡಿದಾಗ ಕ್ಯಾಲಿಪರ್‌ನೊಳಗಿನ ಎರಡು ಪ್ಯಾಡುಗಳು ಅದನ್ನು ಅಮುಕುತ್ತವೆ. ಓಟದ ಶಕ್ತಿ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಸೈಕಲ್‌ಗಳಲ್ಲಿ ಅದು ಮಾಮೂಲಾಗಲು ಬಹಳ ಕಾಲ ಬೇಕಾಯಿತು.

ಕೇಬಲ್‌ನಿಂದ ನಡೆಯುವ ಹೆಚ್ಚಿನ ಬ್ರೇಕುಗಳಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ರೋಟರನ್ನು ತುಸುವೇ ಬಾಗಿಸಿ, ಕದಲದೆ ಕೂತ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಎರಡು ಮಿಲಿಮೀಟರಿಗೂ ತೆಳುವಾದ ಉಕ್ಕು ಹೀಗೆ ಬಾಗಿ ಮತ್ತೆ ನೆಟ್ಟಗಾಗುತ್ತದಲ್ಲ, ಅದನ್ನು ನೋಡುವುದೇ ನನಗೆ ಸಂತೋಷ. ಬಾಗು ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಗಾಗಿ ಒಳಗಿನ ಪ್ಯಾಡನ್ನು ರೋಟರಿಗೆ ಮುಟ್ಟೀತೋ ಮುಟ್ಟದೋ ಎಂಬಷ್ಟು ಹತ್ತಿರ ನಿಲ್ಲಿಸಬೇಕು.

ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದಿಟ್ಟು, ಇದಕ್ಕಷ್ಟು ಅದಕ್ಕಷ್ಟು ಎಂದು ಸರದಿಯಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಕ್ಯಾಲಿಪರ್ ಜಾಗ ಬಿಟ್ಟು ಸರಿಯುತ್ತದೆ. ಆಮೇಲೆ ಹಿಂದೆ ಬಿಳಿ ಹಾಳೆ ಹಿಡಿದು, ಒಂದು ಕಣ್ಣು ಮುಚ್ಚಿ ಸಂದಿಯಲ್ಲಿ ನೋಡಿ. ರೋಟರಿನ ಎರಡೂ ಬದಿ ಕೂದಲೆಳೆಯಷ್ಟು ಬೆಳಕಿನ ಗೆರೆ ಕಂಡರೆ ಹದ ಸಿಕ್ಕಿತು! ಎಷ್ಟು ಸಲ ಕಂಡರೂ ಆ ಗೆರೆಗಳು ನನಗೆ ಹಳತಾಗಿಲ್ಲ.

ಇನ್ನು ಗಾಲಿ ತಿರುಗಿಸಿ ಕಿವಿಗೊಡಿ. ಸುತ್ತಿಗೊಮ್ಮೆ 'ಶಿಂಗ್' ಎಂದರೆ ರೋಟರ್ ಒಂದೆಡೆ ಸೊಟ್ಟಗಿದೆ. ಸತತವಾಗಿ ಸರಸರ ಎಂದರೆ ಕ್ಯಾಲಿಪರ್ ಓರೆಯಾಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ಸದ್ದನ್ನು ಗುರುತಿಸದೆ ಅಲೆನ್ ಕೀ ಎತ್ತಬೇಡಿ. ರೋಟರಿನ ಮೈಗೆ ಬೆರಳು ತಾಗಿಸಲೂಬೇಡಿ. ಎಣ್ಣೆ ಪಸೆ ಹತ್ತಿದರೆ ಹಿಡಿತ ಹೋಗುತ್ತದೆ.

ಹೊಸ ಪ್ಯಾಡ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಗಾಲಿ ಲಾಕ್ ಆಗದಂತೆ ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತು ಸಲವಾದರೂ ಮಾಡಿ. ಪ್ಯಾಡಿನ ತೆಳು ಲೇಪ ರೋಟರಿಗೆ ಸಮನಾಗಿ ಹತ್ತಿದ ಮೇಲೆಯೇ ಅದರ ನಿಜವಾದ ಶಕ್ತಿ ಬರುವುದು. ನಂದಿ ಬೆಟ್ಟದ ಇಳಿಜಾರು ಅದಾದ ಮೇಲೆ ಇರಲಿ.