ಗುಂಡನ ಬೈಪಾಸ್

ಕಿರಂಗೂರು ಅಂದ್ರೆ ನಿಮಗೆ ಶ್ರೀರಂಗಪಟ್ಟಣ ದಸರಾದ ಬನ್ನಿಮಂಟಪ ನೆನಪಾಗಬಹುದು. ನನಗೆ ಅಜ್ಜಿ ಮನೆ ಜಗಲಿಯ ಗುಂಡ. ಪೊಮೇರಿಯನ್, ತೂಕ ಮೂರೂವರೆ ಕೆಜಿ. ಊಟ ಆದ ಸ್ವಲ್ಪ ಹೊತ್ತಿಗೆ ತೂರಾಡ್ತಿದ್ದ, ಗೋಡೆಗೆ ಹಣೆ ಒತ್ತಿ ಸುಮ್ಮನೆ ನಿಂತುಬಿಡ್ತಿದ್ದ. ಅಜ್ಜಿ ದೃಷ್ಟಿ ತೆಗೆದದ್ದೂ ಆಯ್ತು.

ಸ್ಕ್ಯಾನ್ ಮಾಡಿದ ಡಾಕ್ಟರ್ ಹೇಳಿದ್ದು ಪೋರ್ಟೋಸಿಸ್ಟಮಿಕ್ ಶಂಟ್. ಕರುಳಿನ ರಕ್ತ ಲಿವರ್‌ಗೆ ಹೋಗಿ ಶುದ್ಧಿಯಾಗಬೇಕು. ಇವನಿಗೆ ಹುಟ್ಟಿನಿಂದಲೇ ಒಂದು ಅಡ್ಡನಾಳ. ಹೊಸ ಮೈಸೂರು ಹೈವೇ ಶ್ರೀರಂಗಪಟ್ಟಣದ ಒಳಗೆ ಹೋಗದೆ ಪಕ್ಕದಲ್ಲೇ ಹಾದುಹೋಗುತ್ತಲ್ಲ, ಹಾಗೆ. ಶುದ್ಧಿಯಾಗದ ಅಮೋನಿಯಾ ಮೆದುಳಿಗೆ ಹೋಗುತ್ತೆ. ಆಪರೇಷನ್ ಇದೆ. ಆದರೆ ನಾಳವನ್ನ ಒಮ್ಮೆಲೇ ಮುಚ್ಚಿದರೆ ಒತ್ತಡ ಏರಿ ಜೀವಕ್ಕೇ ಅಪಾಯ. ಅದಕ್ಕೇ ಉಂಗುರ ಹಾಕಿ ವಾರಗಟ್ಟಲೆ ನಿಧಾನವಾಗಿ ಮುಚ್ಚಿಸ್ತಾರಂತೆ. ಎಷ್ಟು ಚೆಂದದ ಡಿಸೈನ್! ಖರ್ಚು ಕೇಳಿ ಅಪ್ಪ ಇನ್ನೂ ಹೂಂ ಅಂದಿಲ್ಲ.

ಅಲ್ಲಿಯವರೆಗೆ ಲ್ಯಾಕ್ಟುಲೋಸ್. ಮನುಷ್ಯರ ಮಲಬದ್ಧತೆಗೆ ಕೊಡೋ ಅದೇ ಸಿರಪ್. ಕರುಳಲ್ಲೇ ಅಮೋನಿಯಾ ಹಿಡಿದು ಹೊರಗೆ ಹಾಕುತ್ತೆ. ಕಕ್ಕ ಮೆತ್ತಗಿರಬೇಕು, ನೀರಾಗಬಾರದು. ಅದನ್ನ ನೋಡಿ ಡಾಕ್ಟರ್ ಡೋಸ್ ಹೆಚ್ಚುಕಮ್ಮಿ ಮಾಡ್ತಾರೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಫೀಡ್‌ಬ್ಯಾಕೇ! ಊಟ ಅನ್ನ, ಮೊಸರು, ಚೂರು ಪನೀರ್, ದಿನಕ್ಕೆ ನಾಲ್ಕು ಸಲ. ಮಟನ್ ಬಂದ್.

"ಬಾಡಿಲ್ದೆ ನಾಯಿ ಬದುಕ್ತದೇನ್ಲಾ?" ಅಂದಿದ್ದ ಅಜ್ಜಿ, ಈಗ ಮೂಳೆ ಎಸೆಯೋ ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗ್ತಾಳೆ. ಇಂಟರ್ನಲ್ಸ್ ಮಧ್ಯೆ ಹಾಸ್ಟೆಲ್‌ಗೆ ಫೋನ್ ಮಾಡಿದ್ಲು. ನಾನು ಉಂಡ್ನಾ ಅಂತಲೂ ಕೇಳಲಿಲ್ಲ.

"ಇವತ್ತು ಮೆತ್ಗೆ ಹೋಗವ್ನೆ ಕಣ್ಲಾ. ಗೋಡೆತಕ್ಕೆ ಹೋಗಿಲ್ಲ."