ಮುಸುರಿ ಮಷೀನು ನಮ್ಮ ಕಟ್ಟಿ ಕೆಳಗ ಕೂಡತದೇನು?

ಯುಗಾದಿ ಮುಂದ ನಮ್ಮ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಕೊಂಡಿದ್ದು ನಿಮಗೆಲ್ಲಾ ಗೊತ್ತೇ ಅದ. ಪ್ಲಾಸ್ಟರ್ ತಗದು ಎರಡು ತಿಂಗಳಾದ್ರೂ ಮುಷ್ಟಿ ಪೂರಾ ಕೂಡೂದಿಲ್ಲ. ಆದ್ರ ರಾತ್ರಿ ಊಟ ಮುಗಿಸಿ ನಾವು ಟೀವಿ ಮುಂದ ಕೂತ್ವಿ ಅಂದ್ರ ಸಾಕು, ಅಡಗಿಮನ್ಯಾಗ ನಳದ ಸಪ್ಪಳ. ಹೋಗಿ ನೋಡಿದ್ರ ಎಡಗೈಲೆ ಭಾಂಡೆ ತಿಕ್ಕಲಿಕ್ಕೆ ನಿಂತಿರ್ತಾರ. "ಮುಸುರಿ ಇಟ್ಟು ಮಲಗಿದ್ರ ನಂಗ ನಿದ್ದಿ ಹತ್ತೂದಿಲ್ಲವಾ" ಅಂತಾರ.

ಇದನ್ನ ಫೋನಿನ್ಯಾಗ ಕೇಳಿದ ಮಗ, "ಅಮ್ಮಾ, ಒಂದು ಸಣ್ಣ ಡಿಶ್‌ವಾಷರ್ ಕಳಿಸ್ತೀನಿ, ಕಟ್ಟಿ ಕೆಳಗ ಕೂಡ್ಸಿದ್ರ ಆತು" ಅಂದ. ರೊಕ್ಕ ಅವಂದು, ಕಟ್ಟಿ ನಂದು. ಹಿಂಗಾಗಿ ಅಳತಿ ತಗೊಳ್ಳೂದು ನನ್ನ ಪಾಲಿಗೆ ಬಂತು. ಬ್ಲೌಸ್ ಹೊಲಿಯೋ ಟೇಪ್ ಹಿಡಕೊಂಡು ಒಂದು ಮಧ್ಯಾಹ್ನ ನೆಲದ ಮ್ಯಾಲೆ ಕೂತೆ.

ಸಣ್ಣ ಮಷೀನು ಅಂದ್ರ ಎರಡು ನಮೂನಿ ಇರ್ತಾವ. ಒಂದು ಸಪೂರಂದು, 45 ಸೆಂಟಿಮೀಟರ್ ಅಗಲ, ಆದ್ರ ಎತ್ತರ ಸುಮಾರು 82. ಇನ್ನೊಂದು ಗಿಡ್ಡಂದು, 55ರಿಂದ 60 ಅಗಲ, ಎತ್ತರ ಬರೇ 45ರ ಆಜೂಬಾಜು. ನಮ್ಮದು ಹಳೇ ಕಾಲದ ಕಡಪಾ ಕಲ್ಲಿನ ಕಟ್ಟಿ, ಅತ್ತಿಯವರ ಎತ್ತರಕ್ಕ ತಕ್ಕಂಗ ಕಟ್ಸಿದ್ದು. ಕಲ್ಲಿನ ಕೆಳಗ ಇರೋ ಜಾಗಾ 78 ಸೆಂಟಿಮೀಟರ್. ಸಪೂರಂದು ಅಲ್ಲಿಗೇ ಹೊರಗ ಹೋತು. ಡಬ್ಬಿ ಇಡೋ ಖಾನೆ 64 ಅಗಲ ಅದ, ಆದ್ರ ನಟ್ಟನಡುವ ಒಂದು ಹಲಗಿಕಲ್ಲು. ಅದನ್ನ ಒಡಸಿದ್ರ ಗಿಡ್ಡಂದು ಕೂಡತದ. ಕೂತ್ರೂ ಅದರ ಬಾಗಲಾ ಕೆಳಮುಖಾಗಿ ಹೊರಗ ಬೀಳತದ, ಅದು ತಗದಿದ್ದಾಗ ಹಿಂದ ಒಬ್ಬರು ದಾಟಿ ಹೋಗಲಿಕ್ಕಾಗೂದಿಲ್ಲ. ಮತ್ತ ನೆಲದ ಮಟ್ಟದಾಗ ಇದ್ರ ಒಂದೊಂದು ವಾಟಿಗೂ ಬಗ್ಗಬೇಕು. ಕೈ ಉಳಸಲಿಕ್ಕೆ ಹೋಗಿ ಸೊಂಟ ಕೊಟ್ಟಂಗ.

ನೀರಿಂದು ಬ್ಯಾರೆನೇ ಲೆಕ್ಕ. ಮಷೀನು ಒಂದು ಸಲಕ್ಕ ಹತ್ತು ಲೀಟರಿನ ಒಳಗ-ಹೊರಗ ನೀರು ಕುಡೀತದ, ನಾವು ನಳಾ ಬಿಟ್ಟು ತೊಳದ್ರ ಅದಕ್ಕಿಂತ ಎಷ್ಟೋ ಹೆಚ್ಚು ಹರೀತದ. ಎಂಟು ದಿನಕ್ಕೊಮ್ಮೆ ಮಲಪ್ರಭಾ ನೀರು ಕಾಯೋ ನಮ್ಮ ಹುಬ್ಬಳ್ಳಿ ಓಣ್ಯಾಗ ಇದು ಸಣ್ಣ ಮಾತಲ್ಲ. ಆದ್ರ ಒತ್ತಡ ಬೇಕು. ಭಾಳಷ್ಟು ಮಷೀನಿಗೆ ಕಡಿಮಿ ಅಂದ್ರ 0.3 ಇಲ್ಲಾ 0.5 ಬಾರ್ ಕೇಳ್ತಾರ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಅಂತ ಹಿಡದ್ರ, ಟಾಕಿ ನಳದಕಿಂತ ಮೂರು ಮೀಟರ್ ಮ್ಯಾಲರೆ ಇರಬೇಕು. ನಾವು ಇರೋದು ತುದಿ ಮಜಲಿನ್ಯಾಗ, ಟಾಕಿ ನಮ್ಮ ತಲಿ ಮ್ಯಾಲೇ ಅದ. ಕೆಳಗಿನ ಮನಿ ವೈನಿಯವರಿಗೆ ಈ ಚಿಂತಿ ಇಲ್ಲ, ಅವರು ಬೇಕಾದ್ರ ತಗೋಬಹುದು. ಬೋರಿನ ನೀರು ಕೂಡಿಸಿದ್ರ ಅದರ ಗಡಸುತನಕ್ಕ ಮಷೀನಿನೊಳಗ ಉಪ್ಪು ಹಾಕಬೇಕು. ಅಡಗಿ ಉಪ್ಪು ನಡಿಯೂದಿಲ್ಲ, ಅದರದೇ ದಪ್ಪ ಉಪ್ಪು ಬರತದ.

ಇಷ್ಟೆಲ್ಲಾ ಬರದು ಮಗನಿಗೆ ಕಳಿಸೋಣ ಅಂದುಕೊಂಡಾಗ ಒಂದು ಹುಕಿ ಬಂತು. ಖಾಲಿ ಖಾನೆ ಅಳದು ಏನು ಉಪಯೋಗ, ನಮ್ಮ ಭಾಂಡೆ ಅದರಾಗ ಹಿಡೀತಾವೇನು ನೋಡೋಣಂತ. ಗಿಡ್ಡ ಮಷೀನಿನ ಅಳತಿಗೆ ನಾಕೂ ಕಡೆ ನಾಕು ಬೆರಳು ಕಡಿಮಿ ಮಾಡಿ ಅಡಗಿಮನಿ ನೆಲದ ಮ್ಯಾಲೆ ರಂಗೋಲಿಲೆ ಒಂದು ಚೌಕ ಬರದೆ. ರಾತ್ರಿ ಊಟ ಆದ ಮ್ಯಾಲೆ ಮುಸುರಿ ಎಲ್ಲಾ ಅದರೊಳಗ ಜೋಡಸಲಿಕ್ಕೆ ಕೂತೆ. ಒಂದರೊಳಗೊಂದು ಇಡೂ ಹಂಗಿಲ್ಲ. ಕೆಳಗ ಪಂಖಾದಂಗ ತಿರಗೋ ಕೈಯಿಂದ ನೀರು ಮ್ಯಾಲೆ ಚಿಮ್ಮತದ, ಎಲ್ಲಾದಕ್ಕೂ ಅದು ತಾಕಬೇಕು. ಕಂಪನಿಯವರು ಆರು ಮಂದಿ ಊಟದ ಭಾಂಡೆ ಹಿಡೀತದ ಅಂತಾರಲ್ಲ, ಅದು ಅವರ ದೇಶದ ಊಟ, ಬಶಿ ಕಪ್ಪು ಚಮಚೆದ್ದು. ಬೋಗಣಿ ಕಡಾಯಿ ಅದರಾಗ ಎಣಿಸಿರೂದಿಲ್ಲ.

ನಾಕು ತಾಟು, ಎಂಟು ವಾಟಿ, ಲೋಟಾ, ಚಮಚಾ, ಎರಡು ಸೌಟು. ಇಷ್ಟು ಛೊಲೊತ್ನ್ಯಾಗಿ ಕೂತ್ವು. ಆಮ್ಯಾಲೆ ಕುಕ್ಕರ್ ಇಟ್ಟೆ, ಚೌಕದ ಮೂರನೇ ಪಾಲು ಅದೇ ನುಂಗ್ತು, ವಾಟಿ ಎಲ್ಲಾ ಹೊರಗ ಬಂದ್ವು. ಹೆಂಗೂ ಅಲ್ಯುಮಿನಿಯಂ ಕುಕ್ಕರ್ ಮಷೀನಿನ್ಯಾಗ ಹಾಕಿದ್ರ ಕಪ್ಪಾಗತದ. ರೊಟ್ಟಿ ಹಂಚು ಕಬ್ಬಿಣದ್ದು, ಜಂಗ ತಿಂತದ. ಲಟ್ಟಣಿಗಿ ಕಟಗಿದು. ದೇವರ ಹಿತ್ತಾಳಿ ಸಾಮಾನು ಅಂತೂ ಅತ್ತಿಯವರು ಹುಣಸಿಹಣ್ಣು ಬಿಟ್ಟು ಬ್ಯಾರೆ ಏನೂ ಮುಟ್ಟಸೂದಿಲ್ಲ. ಕೆನಿ ಹತ್ತಿದ ಹಾಲಿನ ಬೋಗಣಿ, ಬದನಿಕಾಯಿ ಎಣ್ಣಿ ಬಳದ ಕಡಾಯಿ, ಹಿಟ್ಟು ಒಣಗಿದ ಪರಾತ, ಎಲ್ಲಾ ಚೌಕದ ಹೊರಗ ಸಾಲಾಗಿ ಕೂತು ನನ್ನೇ ನೋಡ್ಲಿಕತ್ತಿದ್ವು.

ನಂಗ ಆಗ ತಿಳೀತು. ತಾಟು ವಾಟಿ ತೊಳೀಲಿಕ್ಕೆ ಹತ್ತು ನಿಮಿಷ ಬ್ಯಾಡ, ಯಾರೂ ತೊಳದಾರು. ಮಣಿಕಟ್ಟು ಹೋಗೂದು ಬೋಗಣಿ ತಿಕ್ಕೂದ್ರಾಗ, ಅದನ್ನ ಈ ಮಷೀನು ಮುಟ್ಟೂದೇ ಇಲ್ಲ. ಪುಣೆದಾಗ ನನ್ನ ತಂಗಿ ಮನ್ಯಾಗ ಸಪೂರಂದು ಅದ, ಗಂಡಾ ಹೆಂಡ್ತಿ ಇಬ್ಬರೇ, ಎರಡು ದಿನದ್ದು ಕೂಡಿಸಿ ಒಮ್ಮೆ ಹಾಕ್ತಾಳ, ಮೂರು ತಾಸು ನಡೀಲಿ ಬಿಡು ಅಂತಾಳ. ಆಕಿಗೆ ಅದು ಖರೇನೂ ಛೊಲೋ. ನಮ್ಮಲ್ಲೆ ಮೂರು ತಾಸು ವಾಟಿ ಒಳಗ ಕೂತ್ರ ಚಹಾದ ಹೊತ್ತಿಗೆ ಅವಲಕ್ಕಿ ಎಲ್ಲೆ ಹಾಕ್ಕೊಡ್ಲಿ?

ಚೌಕ ಅಳಸೂದು ಮರತಿದ್ದೆ. ಮುಂಜಾನೆ ಭಾಂಡೆ ತಿಕ್ಕಲಿಕ್ಕೆ ಬರೋ ಅಕ್ಕ ಅದನ್ನ ನೋಡಿ, "ಇದೇನ್ರೀ ಅಮ್ಮಾರ, ಒಲಿ ಮುಂದ ಇಂಥಾ ರಂಗೋಲಿ?" ಅಂದ್ಲು. ನಗ್ತಾ ಎಲ್ಲಾ ಹೇಳಿದೆ. ಆಕಿ ನಗಲಿಲ್ಲ. ಹಂಚು ತಿಕ್ಕಿ ಗ್ವಾಡಿಗೆ ಆನಿಸಿಟ್ಟು, ಕೈ ಒರಸ್ಕೊಂಡು, "ಹಂಗಾದ್ರ ಬರೋ ತಿಂಗಳಿಂದ ನಾ ಬ್ಯಾರೆ ಮನಿ ನೋಡ್ಕೊಳ್ಳೇನ್ರಿ? ಈಗ ಹೇಳಿಬಿಟ್ರ ಚಲೋ ಆಕ್ಕೈತಿ, ಮಗಳ ಕಾಲೇಜಿನ ಫೀ ತುಂಬೂದೈತಿ" ಅಂದ್ಲು. ಸಿಟ್ಟಿಲ್ಲ, ಬೇಡಿಕೊಂಡದ್ದೂ ಅಲ್ಲ. ಲೆಕ್ಕ ಕೇಳಿದಂಗ ಕೇಳಿದ್ಲು. ಹದಿನಾಲ್ಕು ವರ್ಷದಿಂದ ನಮ್ಮ ಮನಿಗೆ ಬರ್ತಾಳ. ನಾನು ಕಲ್ಲು ಅಳದಿದ್ದೆ, ನೀರಿನ ಒತ್ತಡ ಅಳದಿದ್ದೆ, 16 ಆಂಪಿಯರ್ ಪ್ಲಗ್ ಎಲ್ಲದ ಅಂತನೂ ನೋಡಿದ್ದೆ. ಈಕಿ ವಿಚಾರ ಒಮ್ಮೆನೂ ತಲ್ಯಾಗ ಬಂದಿರಲಿಲ್ಲ. ಮಾರಿ ಎತ್ತಿ ಆಕಿನ್ನ ನೋಡೂದು ಸೊಲ್ಪ ಕಷ್ಟ ಆತು.

ಅವತ್ತು ರಾತ್ರಿ ನಮ್ಮ ಮನಿಯವರನ್ನ ಮತ್ತ ಮಗಳನ್ನ ಕರದು ಚೌಕ ತೋರಿಸಿದೆ. "ಇದರಾಗ ಹಿಡದಷ್ಟು ಭಾಂಡೆ ಇನ್ನ ಮ್ಯಾಲೆ ನಿಮ್ಮಿಬ್ಬರ್ದು. ಮಷೀನು ಮಾಡೂದೂ ಇಷ್ಟೇ." ಬೋಗಣಿ ಕಡಾಯಿಗೆ ಬಿಸಿನೀರು ಹಾಕಿ ಹಿಂದಿನ ಬಾಲ್ಕನ್ಯಾಗ ನೆನೀಲಿಕ್ಕೆ ಇಡೂದು, ಮುಂಜಾನೆ ಅಕ್ಕ ತಿಕ್ಕೂದು, ಆಕಿಗೆ ತಿಂಗಳಿಗೆ ಐನೂರು ಹೆಚ್ಚಿಗಿ. ಮಗ ಕಳಸ್ತೀನಂದ ರೊಕ್ಕದಾಗ ಇದು ಎಷ್ಟು ವರ್ಷ ನಡೀತದ ಅಂತ ಮಗಳು ಅಲ್ಲೇ ಫೋನಿನ್ಯಾಗ ಲೆಕ್ಕಾ ಮಾಡಿದ್ಲು.

ಒಪ್ಪದವರು ಅಂದ್ರ ಅತ್ತಿಯವರೊಬ್ಬರೇ. ರಾತ್ರಿಯೆಲ್ಲಾ ಮುಸುರಿ ಮನ್ಯಾಗ ಇರೂದಾ ಅಂತ ಎರಡು ದಿನ ಮಾತು ಬಿಟ್ಟಿದ್ರು. ಬಾಲ್ಕನಿ ಬಾಗಲಾ ಹಾಕಿ ಚಿಲಕಾ ಜಡೀತೀನಿ ಈಗ, ಆದ್ರೂ ಅವರಿಗೆ ಸಮಾಧಾನ ಇಲ್ಲ. ನಿನ್ನೆ ರಾತ್ರಿ ಮತ್ತ ನಳದ ಸಪ್ಪಳ ಕೇಳಿ ಓಡಿ ಹೋದೆ. ಇವರು ಪಂಜಿ ಎತ್ತಿ ಕಟ್ಟಿ ತಾಟು ತೊಳೀಲಿಕತ್ತಿದ್ರು. ಬಾಜೂಕ ಸ್ಟೂಲಿನ ಮ್ಯಾಲೆ ಅತ್ತಿಯವರು ಕೂತು, ಪಟ್ಟಿ ಕಟ್ಟಿದ ಕೈ ಚಾಚಿ, "ಆ ವಾಟಿ ತಳಾ ನೋಡೋ, ಎಣ್ಣಿ ಹಂಗೇ ಅದ. ಇನ್ನೊಮ್ಮೆ ತಿಕ್ಕು" ಅಂತಿದ್ರು.